ಬೆಟ್ಟವನ್ನು ಹೊಲಿದ ಬೇಸಿಗೆ

ನನ್ನ ಅಕ್ಕನ ಮಗಳಿಗೆ ಹುಟ್ಟಿನಿಂದಲೂ ಕಣ್ಣು ಕಾಣಿಸುವುದಿಲ್ಲ. ಆರು ತುಂಬಿ ಏಳಕ್ಕೆ ಬಿದ್ದಿದ್ದ ವರ್ಷ, ಬೇಸಿಗೆ ಪೂರ್ತಿ ಅವಳು ಮಧುಗಿರಿಯ ನಮ್ಮ ಮನೆಯಲ್ಲಿದ್ದಳು. ಅಕ್ಕನಿಗೆ ಎರಡನೆಯ ಹೆರಿಗೆ ಹತ್ತಿರವಾಗಿತ್ತು. ಕಾಲು ಊದಿಕೊಂಡಿದ್ದರಿಂದ ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಭಾವ ಪಾವಗಡದ ಆಚೆಯ ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಕಾವಲಿನ ಕೆಲಸದವರು; ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. "ಅವ್ಳು ನಿನ್ನ ಹತ್ರ ಇದ್ರೆ ನಾನು ಕಣ್ಮುಚ್ಚಿ ಮಲ್ಕೊಂತೀನಿ ಕಣೇ," ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ನಾನು ಮನೆಯಲ್ಲೇ ಕೂತು ರವಿಕೆ ಹೊಲಿಯುವವಳು. ನನ್ನ ಯಜಮಾನರು ಗೂಡ್ಸ್ ಆಟೋ ಓಡಿಸುತ್ತಾರೆ. ನಮಗೆ ಮಕ್ಕಳಿಲ್ಲ, ಆ ಮಾತು ಇಲ್ಲಿ ಅಷ್ಟೇ ಸಾಕು.

ಯಜಮಾನರು ಪಾವಗಡಕ್ಕೆ ಬಾಡಿಗೆ ಹೋದವರು ವಾಪಸ್ಸು ಬರುವಾಗ ಮಗುವನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದರು. ದಾರಿಯುದ್ದದ ಗಾಳಿಗೆ ಅವಳ ಕೂದಲೆಲ್ಲ ಎದ್ದು ನಿಂತಿತ್ತು. ಇಳಿದವಳೇ ಮುಖ ಮೇಲೆತ್ತಿ, ಮೂಗು ಅರಳಿಸಿ ನಿಂತಳು.

"ಪಿನ್ನಿ, ಇಲ್ಲಿ ಯಾಕೆ ಇಷ್ಟು ತಣ್ಣಗೈತೆ?"

ಪಾವಗಡದ ಕಡೆ ಮಕ್ಕಳು ಚಿಕ್ಕಮ್ಮನಿಗೆ ಪಿನ್ನಿ ಅನ್ನುತ್ತಾರೆ, ಚಿಕ್ಕಪ್ಪನಿಗೆ ಬಾಬಾಯಿ. ಮನೆಯೊಳಗೆ ಕನ್ನಡವೇ ಆದರೂ ಸಂಬಂಧಗಳೆಲ್ಲ ತೆಲುಗಿನಲ್ಲಿ.

"ಬೆಟ್ಟದ ನೆರಳು ಬಿದ್ದೈತೆ ಕಂದ," ಅಂದೆ ನಾನು. ಸಂಜೆ ಸಮೀಪಿಸುತ್ತಲೇ ಬೆಟ್ಟದ ನೆರಳು ನಮ್ಮ ಬೀದಿಗೆ ಇಳಿಯುತ್ತದೆ. ಅದು ನಮಗೆ ಎಷ್ಟು ರೂಢಿಯೆಂದರೆ, ನೆರಳು ಬಂತು ಅಂದರೆ ಒಲೆ ಹಚ್ಚುವ ಹೊತ್ತು ಎಂದೇ ಅರ್ಥ. ಮಗು ಆ ಮಾತನ್ನು ಎಲ್ಲೋ ಒಳಗೆ ಇಟ್ಟುಕೊಂಡಳು ಅಂತ ಕಾಣುತ್ತದೆ.

ಅವಳದು ಹಟದ ಸ್ವಭಾವ. ಯಾರೂ ಕೈ ಹಿಡಿದು ನಡೆಸಬಾರದು. ಬೇಕಾದರೆ ಅವಳೇ ನಮ್ಮ ಮೊಣಕೈ ಹಿಡಿಯುತ್ತಾಳೆ. ತಟ್ಟೆಗೆ ಹಾಕಿದ್ದನ್ನು ಮೊದಲು ಬೆರಳಿಂದ ಮುಟ್ಟಿ ನೋಡಿ, ಒಪ್ಪಿಗೆಯಾದರೆ ತಿನ್ನುತ್ತಾಳೆ. ಇಡ್ಲಿ ಅವಳಿಗೆ ಇಷ್ಟ. ಉಪ್ಪಿಟ್ಟಿನ ಮೇಲೆ ಅನುಮಾನ. ಬಂದ ಮಾರನೆಯ ದಿನವೇ ಮನೆಯ ಗೋಡೆಗಳನ್ನೆಲ್ಲ ಸವರಿಕೊಂಡು ಸುತ್ತು ಹಾಕಿ, ನಡುಮನೆಯ ಕಿಟಕಿಯ ಪಕ್ಕದಲ್ಲಿರುವ ನನ್ನ ಹೊಲಿಗೆ ಮಷಿನ್ನಿನ ಹತ್ತಿರ ಬಂದು ನಿಂತುಬಿಟ್ಟಳು. ಮಷಿನ್ನಿನ ತಣ್ಣನೆಯ ಕತ್ತು, ಅದರ ಗುಂಡನೆಯ ಚಕ್ರ, ಕೆಳಗಿನ ಕಬ್ಬಿಣದ ಪೆಡಲ್ಲಿನ ಜಾಲರಿ, ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಅಲ್ಲಿಂದ ಕದಲಲೇ ಇಲ್ಲ. ನಾನು ಹೊಲಿಯುತ್ತಿದ್ದರೆ ಚಕ್ಕಳಮಕ್ಕಳ ಹಾಕಿ ಪಕ್ಕದಲ್ಲೇ ಕೂತು, ನೆಲಕ್ಕೆ ಬೀಳುವ ಚೂರು ಬಟ್ಟೆಗಳನ್ನು ಆರಿಸಿ, ನಯವಾದದ್ದು ಬಲಕ್ಕೆ, ಒರಟಾದದ್ದು ಎಡಕ್ಕೆ ಎಂದು ಗುಡ್ಡೆ ಹಾಕುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಕೇಳಿದಳು, "ಪಿನ್ನಿ, ಮೊಲ ಹೆಂಗಿರುತ್ತೆ?"

ಬಾಯಲ್ಲಿ ಹೇಳುವುದಕ್ಕಿಂತ ಹೊಲಿದು ಕೊಡುವುದೇ ಸುಲಭ ಅಂದುಕೊಂಡೆ. ಇಷ್ಟು ವರ್ಷದಿಂದ ರವಿಕೆ ಹೊಲಿದವಳು ನಾನು. ಕತ್ತಿನ ತಿರುವು, ಕಂಕುಳ ತಿರುವು, ದಿನಕ್ಕೆ ಎಷ್ಟು ಹೊಲಿಯುತ್ತೇನೋ ಲೆಕ್ಕವಿಲ್ಲ. ಒಂದು ಮೊಲ ಎಷ್ಟರದು? ಬಿಳಿ ಲೈನಿಂಗ್ ಬಟ್ಟೆಯ ಮೇಲೆ ಯಜಮಾನರು ಸೀಮೆಸುಣ್ಣದಲ್ಲಿ ಮೊಲದ ಆಕಾರ ಬರೆದುಕೊಟ್ಟರು. ಅದೇ ಅಳತೆಗೆ ಎರಡು ತುಂಡು ಕತ್ತರಿಸಿ, ಒಳಮುಖ ಹೊರಗೆ ಮಾಡಿ ಜೋಡಿಸಿ, ಸುತ್ತ ಹೊಲಿಗೆ ಹಾಕಿ, ತಿರುಗಿಸಿ, ಚೂರು ಬಟ್ಟೆ ತುಂಬಿ, ಬಾಯಿ ಮುಚ್ಚಿದೆ. ನೋಡಲು ಚೆನ್ನಾಗಿಯೇ ಇತ್ತು. ಮಗುವಿನ ಮಡಿಲಲ್ಲಿ ಇಟ್ಟೆ.

ಅವಳ ತೋರುಬೆರಳು ಮೊಲದ ಬೆನ್ನಿನ ಹೊಲಿಗೆಯ ಮೇಲೆ ನಿಧಾನವಾಗಿ ಹೊರಟಿತು. ಕಿವಿಯ ಬುಡದಲ್ಲಿ ನಿಂತಿತು. ಮತ್ತೆ ಹೊರಟು, ಬಾಲದ ಹತ್ತಿರ ನಿಂತಿತು. ಅವಳ ಹುಬ್ಬು ಗಂಟಾಯಿತು.

"ಇದಕ್ಕೆ ಯಾರು ಹೊಡದ್ರು?"

"ಯಾಕೆ ಕಂದ?"

"ಮೈ ತುಂಬ ಗಾಯ ಐತೆ." ತನ್ನ ಮಂಡಿಯ ಮೇಲಿದ್ದ ಹಳೆಯ ಗಾಯದ ಕಲೆಯ ಮೇಲೆ ನನ್ನ ಬೆರಳನ್ನು ಎಳೆದು ಇಟ್ಟಳು. "ಚೂಡು, ನೋಡಿಲ್ಲಿ, ಹಿಂಗೇ ಐತೆ. ಹೊಟ್ಟೇಲಿ ಕಲ್ಲೂ ಐತೆ. ಪಾಪ, ಇದು ಬದುಕಲ್ಲ ಪಿನ್ನಿ."

ನಾನು ಕಣ್ಣು ಮುಚ್ಚಿಕೊಂಡು ಮೊಲವನ್ನು ಸವರಿದೆ. ಅವಳು ಹೇಳಿದ್ದು ನಿಜವಾಗಿತ್ತು. ತಿರುವು ಬಂದಲ್ಲೆಲ್ಲ ಬಟ್ಟೆ ಸೊಟ್ಟಗೆ ಸುಕ್ಕಾಗಿ, ಮೂಲೆ ಮೂಲೆಯಾಗಿ ಮುರಿದಿತ್ತು. ರವಿಕೆಯ ಕತ್ತು ಮೈಮೇಲೆ ಒರಗಿ ಮಲಗಿಕೊಳ್ಳುತ್ತದೆ. ಅಲ್ಲಿ ಸಣ್ಣ ಸುಕ್ಕು ಇದ್ದರೆ ಇಸ್ತ್ರಿ ಹಾಕಿ ಅಡಗಿಸಬಹುದು. ಗೊಂಬೆ ಹಾಗಲ್ಲ. ಒಳಗಿನಿಂದ ಉಬ್ಬಿ, ಹೊಲಿಗೆಯ ಒಂದೊಂದು ತಪ್ಪನ್ನೂ ಹೊರಗೆ ತಳ್ಳುತ್ತದೆ. ಯಜಮಾನರಿಗೆ ನಗು. "ಬುಡೇ, ಮಗ ಏನೋ ಅಂತು. ಆಟಕ್ಕೆ ಸಾಕು," ಅಂದರು. ನನಗೆ ಸಾಕಾಗಲಿಲ್ಲ. ಅವಳಿಗೆ ಆ ಹೊಲಿಗೆಯೇ ಮೊಲ. ಬೆನ್ನು ಎಂದರೆ ಆ ಗೆರೆ, ಕಿವಿ ಎಂದರೆ ಆ ತಿರುವು. ಅಲ್ಲಿ ನಾನು ಸುಳ್ಳು ಹೇಳಿದರೆ ಅವಳ ಪಾಲಿಗೆ ಮೊಲವೇ ಸುಳ್ಳು.

ಹೊಟ್ಟೆಯ ಕಲ್ಲಿಗೆ ಪರಿಹಾರ ಸುಲಭವಾಗಿತ್ತು. ಯಜಮಾನರಿಗೆ ಶಿರಾಕ್ಕೆ ಹುಣಸೆಹಣ್ಣಿನ ಬಾಡಿಗೆ ಸಿಕ್ಕ ದಿನ ನಾವಿಬ್ಬರೂ ಜೊತೆಗೆ ಹೋದೆವು. ಆಟೋದೊಳಗೆಲ್ಲ ಹುಣಸೆಯ ಹುಳಿ ವಾಸನೆ. ಮಗು ದಾರಿಯುದ್ದಕ್ಕೂ ನಾಲಿಗೆ ಚಪ್ಪರಿಸುತ್ತಿದ್ದಳು. ಶಿರಾದಲ್ಲಿ ಹಳೆಯ ಮಸೀದಿಯ ಕಡೆಯ ಒಂದು ಗಲ್ಲಿಯಲ್ಲಿ ಹಾಸಿಗೆ, ದಿಂಬು ಮಾಡುವ ಅಂಗಡಿಯಿತ್ತು. ಅಲ್ಲಿ ವಯಸ್ಸಾದ ಹೆಂಗಸೊಬ್ಬರು ಬೂರುಗದ ಹತ್ತಿಯ ರಾಶಿಯ ಪಕ್ಕದಲ್ಲಿ ಕೂತು ಬೀಜ ಆರಿಸುತ್ತಿದ್ದರು. ನಾನು ಹತ್ತಿ ಕೇಳುತ್ತಿದ್ದ ಹಾಗೆಯೇ ಮಗು ನನ್ನ ಮೊಣಕೈ ಬಿಟ್ಟು ಎರಡು ಹೆಜ್ಜೆ ಮುಂದಿಟ್ಟಳು. ಎರಡೂ ಕೈಗಳು ಹತ್ತಿಯೊಳಗೆ ಹೋದವು. ಮೊಣಕೈ ಮುಳುಗಿತು, ತೋಳು ಮುಳುಗಿತು, ಕೊನೆಗೆ ಕೆನ್ನೆಯೂ ಹತ್ತಿಗೆ ತಾಕಿತು. ಕೈಗೆ ಏನೂ ಎದುರಾಗಲಿಲ್ಲ. ಅಂಥ ವಸ್ತುವನ್ನು ಅವಳು ಅದುವರೆಗೆ ಮುಟ್ಟಿಯೇ ಇರಲಿಲ್ಲ.

"ಇದು ಯಾವ ಪ್ರಾಣಿ?" ಎಂದು ಪಿಸುಗುಟ್ಟಿದಳು.

ಆ ಹೆಂಗಸು ನನ್ನ ಮುಖ ನೋಡಿದರು, ಮಗುವಿನ ಕಣ್ಣು ನೋಡಿದರು. ಬೈಯಲಿಲ್ಲ. "ಇದಕ್ಕೆ ಇನ್ನೂ ಚಮ್ಡಾ, ಮೈಚರ್ಮ, ಬಂದಿಲ್ಲ ಬೇಟಿ. ಚಮ್ಡಾ ನಿಮ್ಮಮ್ಮ ಹೊಲೀತಾಳೆ, ಆಗ ಪ್ರಾಣಿ ಆಗ್ತದೆ," ಅಂದರು.

"ಅಮ್ಮ ಕಾದು, ಪಿನ್ನಿ," ಎಂದು ಮಗು ತಿದ್ದಿದಳು. ಅಮ್ಮ ಅಲ್ಲ, ಪಿನ್ನಿ. ಆಮೇಲೆ ಸೀನಿದಳು. ಹತ್ತಿ ಹಾರಿ ನಮ್ಮ ಮೂವರ ತಲೆಯ ಮೇಲೂ ಕೂತಿತು. ಬಿಸಿಲುಕೋಲಿನಲ್ಲಿ ಆ ಎಳೆಗಳು ಎಷ್ಟೋ ಹೊತ್ತು ಕೆಳಗಿಳಿಯದೆ ತೇಲುತ್ತಿದ್ದವು. ನಾನೂ ಆ ಹೆಂಗಸೂ ಅದನ್ನೇ ನೋಡಿದೆವು. ಮಗು ಮಾತ್ರ ಅಂಗೈ ಚಾಚಿಕೊಂಡು ಕಾದಿದ್ದಳು, ಯಾವುದಾದರೂ ಬಂದು ಕೂರುತ್ತದೇನೋ ಎಂದು.

ಹತ್ತಿ ಸಿಕ್ಕಿತು, ತಿರುವು ಸಿಗಲಿಲ್ಲ. ಎರಡನೆಯ ಮೊಲದ ಮೈ ಮೆತ್ತಗಾಯಿತು, ಆದರೆ ಗಾಯಗಳು ಹಾಗೇ ಉಳಿದವು. ಮೂರನೆಯದೂ ಹಾಗೆಯೇ. ನನ್ನ ಕಾಲಿಗೆ ಪೆಡಲ್ ತುಳಿಯುವ ಓಟ ಎಷ್ಟು ಅಭ್ಯಾಸವಾಗಿತ್ತೆಂದರೆ, ನಿಧಾನ ಮಾಡಬೇಕೆಂದರೂ ಅದು ಕೇಳುತ್ತಿರಲಿಲ್ಲ. ಬಟ್ಟೆ ತಿರುಗುವಷ್ಟರಲ್ಲಿ ಸೂಜಿ ನೇರ ಓಡಿಬಿಟ್ಟಿರುತ್ತಿತ್ತು.

ದಾರಿ ತೋರಿಸಿದ್ದು ಮಗುವಿನ ಹಟ. ಚಕ್ರವನ್ನು ತಾನು ತಿರುಗಿಸಬೇಕು ಎಂದು ಹಿಡಿದುಕೊಂಡಳು. "ಕೈ ಸಿಕ್ಕಾಕ್ಕೊಂತೈತೆ, ಬ್ಯಾಡ," ಅಂದೆ. ಅಳು ಶುರುವಾಯಿತು. ಅವಳು ಅತ್ತರೆ ಬೀದಿಯ ಕೊನೆಯವರೆಗೆ ಕೇಳುತ್ತದೆ. ಕೊನೆಗೆ ಸೋತು, ಚಕ್ರಕ್ಕೆ ಹಾಕಿದ್ದ ಬೆಲ್ಟನ್ನು ಕಳಚಿ, ಅವಳನ್ನು ಸ್ಟೂಲಿನ ಮೇಲೆ ಕೂರಿಸಿದೆ. ಬೆಲ್ಟ್ ಇಲ್ಲದ ಚಕ್ರ ಹಗುರ. ಮಕ್ಕಳ ಕೈಗೂ ತಿರುಗುತ್ತದೆ. ಸೂಜಿಯಿಂದ ಅವಳ ಕೈ ದೂರವಿರುವ ಹಾಗೆ ನೋಡಿಕೊಂಡು, ಹೊಸ ಮೊಲದ ತುಂಡುಗಳನ್ನು ಸೂಜಿಯ ಕೆಳಗೆ ಇಟ್ಟೆ.

"ನನ್ನ ಕಡೀಕೆ ತಿರುಗ್ಸು. ನಿಧಾನ. ಟಕ್ ಅಂದ್ರೆ ನಿಲ್ಸು."

ಅವಳು ತಿರುಗಿಸಿದಳು. ಸೂಜಿ ಇಳಿಯಿತು. ಟಕ್. ನಿಂತಿತು. ನನ್ನ ಎರಡೂ ಕೈ ಬಟ್ಟೆಯ ಮೇಲಿದ್ದವು, ಕಾಲಿಗೆ ಕೆಲಸವಿರಲಿಲ್ಲ. ಸೂಜಿ ಬಟ್ಟೆಯೊಳಗೆ ಇದ್ದ ಹಾಗೆಯೇ, ಅದನ್ನು ಒತ್ತಿ ಹಿಡಿಯುವ ಫೂಟನ್ನು ಎತ್ತಿ, ಬಟ್ಟೆಯನ್ನು ಒಂದು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಇಳಿಸಿದೆ. ಟಕ್. ಮತ್ತೆ ಒಂದಿಷ್ಟು. ಹೊಲಿಗೆಯನ್ನು ಸಣ್ಣ ಮಾಡಿಕೊಂಡಿದ್ದೆ. ಕಿವಿಯ ತುದಿಯನ್ನು ಸುತ್ತುವಷ್ಟರಲ್ಲಿ ಹೊರಗೆ ಮೊಸರಿನವಳು ಬಂದು ಕೂಗಿ ಹೊರಟೂ ಹೋದಳು. ನಾವಿಬ್ಬರೂ ಏಳಲಿಲ್ಲ. ಕಿಟಕಿಯಿಂದ ಬಿಸಿ ಗಾಳಿ ಬರುತ್ತಿತ್ತು. ಮಗು ಬಾಯಿ ಅರೆ ತೆರೆದು ಆ ಟಕ್ ಶಬ್ದಕ್ಕೇ ಕಿವಿಯಾಗಿ ಕೂತಿದ್ದಳು. ನನಗೆ ಅಂಥ ನಿಧಾನ ಗೊತ್ತೇ ಇರಲಿಲ್ಲ. ಒಂದೊಂದು ಹೊಲಿಗೆಯೂ ಬಿಡಿಬಿಡಿಯಾಗಿ ಕಣ್ಣೆದುರು ಹುಟ್ಟುತ್ತಿತ್ತು.

ಹೊಲಿದಾದ ಮೇಲೆ ತಿರುಗಿಸುವ ಮೊದಲೇ ಅವಳ ಕೈಗೆ ಕೊಟ್ಟೆ. ಒಳಗಡೆಯ ಅಂಚನ್ನು ಹಿಸುಕಿ ನೋಡಿದಳು. "ಇಷ್ಟೊಂದು ಬಟ್ಟೆ ಒಳಗ್ಹೋದ್ರೆ ಮಡಚ್ಕೊಳಲ್ವಾ?" ಅಂದಳು. ಕಂಕುಳ ತಿರುವಿಗೆ ನಾನು ಕಚ್ಚು ಹಾಕುತ್ತೇನೆ, ಎಂದರೆ ಹೊಲಿಗೆಗೆ ತಾಕದ ಹಾಗೆ ಅಂಚಿಗೆ ಕತ್ತರಿಯ ತುದಿಯಿಂದ ಸಣ್ಣ ಸಣ್ಣ ಸೀಳು. ಆ ಒಳತಿರುವಿಗೆ ಸೀಳು ಸಾಕು. ಮೊಲದ ಬೆನ್ನು ಹೊರಗೆ ಬಾಗಿದ ತಿರುವು. ತಿರುಗಿಸಿದಾಗ ಅಲ್ಲಿ ಅಂಚಿನ ಬಟ್ಟೆಗೆ ಜಾಗ ಸಾಲದೆ ಒಂದರ ಮೇಲೊಂದು ಹತ್ತಿ ಕೂರುತ್ತದೆ. ಅದೇ ಅವಳ ಬೆರಳಿಗೆ ಸಿಕ್ಕ ಗಾಯ. ಅಂಚನ್ನು ಕಿರಿದು ಮಾಡಿ, ಬೆನ್ನಿನುದ್ದಕ್ಕೂ ಇಲಿ ಕಡಿದ ಹಾಗೆ ಮೂರು ಮೂಲೆಯ ಚೂರುಗಳನ್ನು ಕತ್ತರಿಸಿ ತೆಗೆದೆ. ತಿರುಗಿಸಿ, ಲಟ್ಟಣಿಗೆಯ ಮೊಂಡು ತುದಿಯಿಂದ ಹೊಲಿಗೆಯನ್ನು ಒಳಗಿನಿಂದ ಸವರಿ, ಕಿವಿಯ ತುದಿಯಿಂದ ಶುರುಮಾಡಿ ಹತ್ತಿಯನ್ನು ಚಿಟಿಕೆ ಚಿಟಿಕೆಯಾಗಿ ತುಂಬಿದೆ.

ಅವಳ ಬೆರಳು ಮೂಗಿನಿಂದ ಹೊರಟು, ಹಣೆ ಹತ್ತಿ, ಕಿವಿಯನ್ನು ಸುತ್ತಿ ಇಳಿದು, ಬೆನ್ನಿನ ಮೇಲೆ ಜಾರಿ, ಬಾಲದವರೆಗೆ ಎಲ್ಲೂ ನಿಲ್ಲದೆ ಹೋಯಿತು. ಮತ್ತೆ ಮೂಗಿನಿಂದ ಹೊರಟಿತು. ಅವಳು ಮೊಲವನ್ನು ಫ್ರಾಕಿನೊಳಗೆ ಸೇರಿಸಿಕೊಂಡು ಹೋಗಿ ಮಂಚದ ಕೆಳಗೆ ಮಲಗಿಬಿಟ್ಟಳು. ಸಂಜೆ ಯಜಮಾನರು ಬಂದು ಹುಡುಕಿದರೆ ಇಬ್ಬರೂ ನಿದ್ದೆ ಹೋಗಿದ್ದರು.

ಆಮೇಲೆ ಮನೆ ತುಂಬ ಪ್ರಾಣಿಗಳಾದವು. ಆನೆ, ಹೆಗ್ಗಣ, ಸೊಂಡಿಲು ಉದ್ದವಾಗಿಹೋದ ಇನ್ನೊಂದು ಆನೆ. ನಾನು ಹುಟ್ಟಿದ್ದು ಕೊರಟಗೆರೆಯಲ್ಲಿ. ಅಲ್ಲಿಯ ಗುಡ್ಡಗಳಿಂದ ಕರಡಿ ಇಳಿದುಬರುತ್ತಿದ್ದ ಕತೆ ಹೇಳಿದ್ದಕ್ಕೆ ಕರಡಿಯೂ ಬೇಕಾಯಿತು. ನನ್ನ ಹಳೆಯ ಶಾಲಿನಿಂದ ಅದು ಆಯಿತು. ರವಿಕೆ ಕೊಡಲು ಬಂದ ಹೆಂಗಸರು ಪ್ರಾಣಿಗಳನ್ನು ಸರಿಸಿ ಕೂರಬೇಕಾಗಿತ್ತು.

ಒಂದು ಸಂಜೆ ಜಗಲಿಯ ಮೇಲೆ ಕೂತಿದ್ದಾಗ ಎದುರುಮನೆಯವರು ಯಾರಿಗೋ, "ಬೆಟ್ಟದ ಮ್ಯಾಲೆ ಮೋಡ ಕುಂತೈತೆ, ಮಳೆ ಬತ್ತದೆ," ಅಂದರು. ಮಗು ನನ್ನ ಮೊಣಕೈ ಹಿಡಿದು ಎಳೆದಳು.

"ಎಲ್ಲಾರೂ ಬೆಟ್ಟ ಬೆಟ್ಟ ಅಂತೀರಲ್ಲ, ಎಲ್ಲೈತೆ ಅದು?"

ಮಾರನೆಯ ದಿನ ಬೆಳಿಗ್ಗೆ ಅವಳನ್ನು ಬೆಟ್ಟದ ಬುಡಕ್ಕೆ ಕರೆದುಕೊಂಡು ಹೋದೆವು. ಮಧುಗಿರಿಯ ಬೆಟ್ಟ ಇಡಿಯಾಗಿ ಒಂದೇ ಬಂಡೆ. ಕೋಟೆಬಾಗಿಲು ದಾಟಿ, ಬಂಡೆ ಬರಿಮೈಯಾಗಿ ಏರತೊಡಗುವ ಜಾಗದಲ್ಲಿ ಅವಳು ಚಪ್ಪಲಿ ಬಿಟ್ಟು ನಿಂತಳು. ಬಗ್ಗಿ ಅಂಗೈ ಊರಿದಳು. ಆಮೇಲೆ ಮಕಾಡೆ ಮಲಗಿ ಕೆನ್ನೆ ಒತ್ತಿದಳು. ನಾವು ಕಾದೆವು. ಅವಳ ಮುಖದಲ್ಲಿ ಏನೋ ಬೆಳಗುತ್ತದೆ ಎಂದು ನಾನು ಎಣಿಸಿದ್ದೆ.

"ಇದು ಅಂಗ್ಳ," ಅಂದಳು ಎದ್ದು. "ಓರೆ ಅಂಗ್ಳ."

"ಇಂಗೇ ಮ್ಯಾಲ್ಮ್ಯಾಲಕ್ಕೆ ಹೋಗುತ್ತೆ ಪುಟ್ಟಿ, ಬಲು ಎತ್ರ," ಅಂದರು ಯಜಮಾನರು.

"ನೀವಿಬ್ರೂ ಸುಳ್ಳು ಹೇಳ್ತೀರ ಬಾಬಾಯಿ."

ವಾಪಸ್ಸು ಬರುವ ದಾರಿಯಲ್ಲಿ ಅವಳು ಯಾರ ಮೊಣಕೈಯನ್ನೂ ಹಿಡಿಯದೆ ಗೋಡೆ ಸವರಿಕೊಂಡು ನಡೆದಳು. ನಾನು ಮನೆಗೆ ಬಂದವಳೇ ಯಜಮಾನರಿಗೆ, "ಬೆಟ್ಟ ಹೊಲೀತೀನಿ," ಅಂದೆ. ಅವರು ಚಹಾದ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ನಗಲಿಲ್ಲ. "ಯಾವ ಕಡೆಯಿಂದ ಕಾಣೋ ಬೆಟ್ಟ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಅದರ ನೆರಳಿನಲ್ಲೇ ಇದ್ದೆ. ಸೀಮೆಸುಣ್ಣ ಹಿಡಿದು ಕೂತರೆ ಬೆನ್ನು ಎಲ್ಲಿ ಬಾಗುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಕೈಗೆ ಬರಲಿಲ್ಲ. ಮೂವರೂ ಆಟೋದಲ್ಲಿ ಹೊರಟೆವು. ಶಿರಾ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ನಿಂತು ನೋಡಿದೆವು. ಇನ್ನೊಂದು ದಿನ ದೊಡ್ಡೇರಿ ಕಡೆಯಿಂದ, ಮತ್ತೊಂದು ದಿನ ಕೊರಟಗೆರೆ ರಸ್ತೆಯಿಂದ. ಒಂದು ಕಡೆಯಿಂದ ಅದು ಮಲಗಿದ ಆನೆ. ಇನ್ನೊಂದು ಕಡೆಯಿಂದ ಯಾರೋ ಬೆನ್ನು ತಿರುಗಿಸಿ ಕೂತ ಹಾಗೆ. ಮತ್ತೂ ಆಚೆಗೆ ಹೋದರೆ ಬಿಸಿಲಿನ ಮಬ್ಬಿನಲ್ಲಿ ಕಲ್ಲು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತು ಎಂದೇ ತಿಳಿಯದು. ಯಜಮಾನರು ಸಿಗರೇಟು ಪ್ಯಾಕಿನ ಒಳಗಡೆ ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದರು. ನಾನು, "ಅಲ್ಲ, ಇನ್ನೂ ಬಾಗೈತೆ," ಅನ್ನುತ್ತಿದ್ದೆ. ಮಗು ಮುಂದಿನ ಸೀಟಿನಲ್ಲಿ ಕಡಲೆಕಾಯಿ ಸುಲಿಯುತ್ತ, ನಮ್ಮ ಜಗಳವನ್ನು ಅನುಮಾನದಿಂದ ಕೇಳಿಸಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಮಗುವನ್ನು ಯಜಮಾನರ ಹತ್ತಿರ ಬಿಟ್ಟು ನಾನೊಬ್ಬಳೇ ಬೆಟ್ಟ ಹತ್ತಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಂಡೆಯಲ್ಲಿ ಕಡಿದ ಸಣ್ಣ ಸಣ್ಣ ಕಾಲಗಚ್ಚುಗಳಲ್ಲಿ ಬೆರಳೂರಿ ಹತ್ತುತ್ತ ಹೋದೆ. ಕಡಿದಾದ ಜಾಗದಲ್ಲಿ ಎರಡು ಕಾಲು ಸಾಲದೆ ಕೈಯನ್ನೂ ಊರಬೇಕಾಯಿತು. ಕೆಳಗೆ ನೋಡಿದರೆ ತಲೆ ತಿರುಗುತ್ತದೆಂದು ಕಣ್ಣನ್ನು ಬಂಡೆಗೇ ಅಂಟಿಸಿದ್ದೆ. ಆಗ ಬೆಟ್ಟ ಬೇರೆಯದೇ ಆಯಿತು. ರಸ್ತೆಯಿಂದ ಕಂಡ ಗೆರೆ ಅಲ್ಲಿ ಇರಲಿಲ್ಲ. ಮೀನಖಂಡ ಬಿಗಿಯಾದರೆ ಕಡಿದಾದ ಏರು, ಸಡಿಲವಾದರೆ ಇಳಿಜಾರು, ಅಷ್ಟೇ. ಪೂರ್ತಿ ತುದಿಯವರೆಗೆ ಹೋಗಲು ನನ್ನಿಂದ ಆಗಲಿಲ್ಲ. ಒಂದು ಬುರುಜಿನ ಹತ್ತಿರ ಕೂತುಬಿಟ್ಟೆ. ಗಾಳಿ ಕಿವಿಯಲ್ಲಿ ತುಂಬಿಕೊಂಡಿತ್ತು. ಊರಿನ ಸಂತೆ, ದನ, ಬಸ್ಸು, ಯಾವುದರ ಸದ್ದೂ ಅಲ್ಲಿಗೆ ಏರುತ್ತಿರಲಿಲ್ಲ. ಅಷ್ಟು ಹೊತ್ತು ನಾನು ಸುಮ್ಮನೆ ಕೂತ ನೆನಪು ನನ್ನ ಜೀವನದಲ್ಲಿ ಬೇರೆಲ್ಲೂ ಇಲ್ಲ. ಮೇಲಿಂದ ಇಳಿದುಬಂದ ಕುರಿ ಕಾಯುವ ಅಜ್ಜನೊಬ್ಬನನ್ನು, "ತುದೀಲಿ ಏನೈತೆ ತಾತ?" ಎಂದು ಕೇಳಿದೆ. "ಹಾಳು ಗುಡಿ ಐತೆ. ಗಾಳಿ ಐತೆ ಕಣಮ್ಮ," ಅಂದ.

ಬೆಟ್ಟಕ್ಕೆ ಬೇಕಾದ ಬಟ್ಟೆಯನ್ನು ಮಗುವಿನ ಎಡಗಡೆಯ ಗುಡ್ಡೆಯಿಂದ ಆರಿಸಿದೆ: ಯಾರದೋ ಪ್ಯಾಂಟಿನದು, ಒರಟು ಬೂದು ಬಣ್ಣದ್ದು. ಕಲ್ಲಂಗಡಿ ಹೋಳಿನ ಆಕಾರಕ್ಕೆ ತುಂಡುಗಳನ್ನು ಕತ್ತರಿಸಿದೆ. ಕೆಲವು ತುಂಡು ಗಿಡ್ಡ, ನೆಟ್ಟಗೆ ಇಳಿಯುವವು. ಕೆಲವು ಉದ್ದ, ನಿಧಾನವಾಗಿ ಬಾಗಿ ಹರಡಿಕೊಳ್ಳುವವು. ಮಗು ಚಕ್ರ ತಿರುಗಿಸಿದಳು. ಏನು ಹೊಲಿಯುತ್ತಿದ್ದೇವೆ ಎಂದು ನಾನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮೊದಲ ಸಲ ಎಲ್ಲ ಹೊಲಿಗೆಗಳೂ ನೆತ್ತಿಯಲ್ಲಿ ಸೇರಿ ದೊಡ್ಡ ಗಂಟಾಯಿತು. ಬಿಚ್ಚಿದೆ. ತುದಿಗಳನ್ನು ಕತ್ತರಿಸಿ, ನೆತ್ತಿಗೆ ಒಂದೇ ತುಂಡನ್ನು ಟೋಪಿಯ ಹಾಗೆ ಕೂರಿಸಿದೆ. ಒಳತಿರುವಿಗೆ ಸೀಳು, ಹೊರತಿರುವಿಗೆ ಮೂಲೆಚೂರು, ಎಲ್ಲಾ ಮುಗಿಸಿ ತಿರುಗಿಸಿದೆ. ಶಿರಾದಿಂದ ತಂದ ಹತ್ತಿಯೆಲ್ಲ ಅದರೊಳಗೆ ಹೋಯಿತು. ಕೋಟೆಯ ಗೋಡೆಗೆ ದಪ್ಪ ನೂಲನ್ನು ಹುರಿ ಮಾಡಿ, ಬುಡದಿಂದ ಮೇಲಕ್ಕೆ ಸುತ್ತಿಸುತ್ತ ಹೊಲಿದೆ; ಬಾಗಿಲು ಇದ್ದಲ್ಲೆಲ್ಲ ಒಂದೊಂದು ಗಂಟು. ಬುಡದಲ್ಲಿ ನಮ್ಮ ಮನೆಯ ಗುರುತಿಗೆ ಒಂದು ರವಿಕೆ ಹುಕ್ಕು.

ನಡುಮನೆಯ ನೆಲದ ಮೇಲೆ ಇಟ್ಟು ಅವಳನ್ನು ಕರೆದೆ. ತೋಳು ಚಾಚಿ ತಬ್ಬಿಕೊಳ್ಳುವಷ್ಟು ದೊಡ್ಡದಾಗಿತ್ತು. ಅವಳು ಮೊದಲು ಅಂಗೈ ಇಟ್ಟಳು, ಆಮೇಲೆ ಎರಡು ಬೆರಳು. ಬೆರಳುಗಳು ಕಾಲಿನ ಹಾಗೆ ಹುರಿಯ ಪಕ್ಕದಲ್ಲಿ ಹತ್ತತೊಡಗಿದವು. ಗಂಟು ಸಿಕ್ಕಾಗ ನಿಂತವು.

"ಬಾಗ್ಲು," ಅಂದೆ.

ದಾಟಿ ಹತ್ತಿದಳು. ಕಡಿದಾದ ಕಡೆ ಬೆರಳು ಜಾರಿತು. ಹಿಡಿದುಕೊಂಡು ಮತ್ತೆ ಹತ್ತಿದಳು. ನೆತ್ತಿಗೆ ಬಂದಾಗ ಕೈ ಅಲ್ಲೇ ಬಿಟ್ಟು ಬಹಳ ಹೊತ್ತು ಕೂತಳು.

"ಇಲ್ಲಿಂದ ಕೆಳಗೆ, ನಾನು ಮಲಗಿದ್ನಲ್ಲ ಆ ಅಂಗ್ಳ ಎಲ್ಲೈತೆ?"

ಅವಳ ಇನ್ನೊಂದು ಕೈ ಹಿಡಿದು ಬುಡದ ಹತ್ತಿರ, ಹುಕ್ಕಿಗಿಂತ ಸ್ವಲ್ಪ ಮೇಲೆ ಇಟ್ಟೆ. ಒಂದು ಕೈ ಅಲ್ಲಿ, ಒಂದು ಕೈ ನೆತ್ತಿಯಲ್ಲಿ. ಎರಡರ ನಡುವಿನ ಜಾಗವನ್ನು ಅವಳು ಅಳೆಯುತ್ತಿದ್ದಳು.

"ಅಬ್ಬಾ," ಅಂದಳು ಮೆಲ್ಲಗೆ. "ಇಷ್ಟಾ!"

ಆಮೇಲೆ ಪ್ರಶ್ನೆಗಳು ನಿಲ್ಲಲಿಲ್ಲ. ಶಿರಾ ಎಲ್ಲಿ? ಹೊಸ್ತಿಲ ಹತ್ತಿರ, ಅಂದೆ. ಕೊರಟಗೆರೆ? ಮಷಿನ್ನಿನ ಕಾಲಿನ ಹತ್ತಿರ. ನಮ್ಮ ವಳ್ಳೂರು? ಅದು ದೂರ ಕಂದ, ಅಡುಗೆಮನೆ ದಾಟಿ ಬಚ್ಚಲ ಬಾಗಿಲ ಹತ್ತಿರ. ಅವಳು ಬೆಟ್ಟದಿಂದ ಎದ್ದು ಅಂಬೆಗಾಲಿನಲ್ಲಿ ಹೊರಟಳು. ಯಜಮಾನರು ಹೊಸ್ತಿಲಿಗೆ ಅಡ್ಡವಾಗಿ ಮಲಗಿ, ತಾನೇ ಶಿರಾದ ಹೈವೇ ಎಂದು ಲಾರಿಯ ಹಾರನ್ ಹೊಡೆದರು. ಅವಳು ಅವರ ಹೊಟ್ಟೆಯ ಮೇಲೆ ಹತ್ತಿ ಇಳಿದಳು. ಆ ಬೇಸಿಗೆ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಯಾರೂ ಅಡುಗೆಮನೆಗೆ ಹೋಗಲಿಲ್ಲ. ಪಾವಗಡದ ದಾರಿ ಹಿಡಿಯುತ್ತಿದ್ದೆವು. ಮಳೆ ಬಂದ ಮಧ್ಯಾಹ್ನಗಳಲ್ಲಿ ದೀಪ ಹಾಕದೆ, ಆ ಅರೆಗತ್ತಲಿನಲ್ಲಿ, ಮೂವರೂ ನಾಲ್ಕು ತಾಲ್ಲೂಕುಗಳ ಮೇಲೆ ಹರಡಿಕೊಂಡು ಮಲಗಿರುತ್ತಿದ್ದೆವು. ಮಳೆಯ ಸದ್ದು ಎಲ್ಲ ಊರುಗಳಲ್ಲೂ ಒಂದೇ ಸಮ ಕೇಳುತ್ತಿತ್ತು.

ಅಕ್ಕನಿಗೆ ಗಂಡುಮಗುವಾಯಿತು. ಆಸ್ಪತ್ರೆಯಿಂದ ಮನೆಗೆ ಬಂದಳೆಂದು ತಿಳಿದ ಮೇಲೆ ನಾವು ಮಗಳನ್ನು ವಳ್ಳೂರಿಗೆ ಬಿಟ್ಟುಬರಲು ಹೋದೆವು. ಆಟೋದ ಹಿಂಭಾಗದಲ್ಲಿ ಪ್ರಾಣಿಗಳೆಲ್ಲ ಒಂದು ಗೋಣಿಚೀಲದಲ್ಲಿ. ಬೆಟ್ಟ ಮಾತ್ರ ಅವಳ ಮಡಿಲಲ್ಲಿ. ವಳ್ಳೂರು ಹತ್ತಿರವಾಗುತ್ತಿದ್ದ ಹಾಗೆ ಎರಡೂ ಕಡೆ ಸೋಲಾರ್ ಫಲಕಗಳು ಶುರುವಾದವು, ಸಾಲು ಸಾಲಾಗಿ, ನೀಲಿ ನೀರು ನಿಂತ ಹಾಗೆ. ಅವಳಿಗೆ ಅವು ಕಾಣದಿದ್ದರೂ ಎಲ್ಲೋ ಕರೆಂಟಿನ ಗುಂಯ್ ಸದ್ದು ಕೇಳಿದ್ದೇ ತಡ, "ಮನೆ ಬಂತು," ಅಂದಳು.

ಅಕ್ಕ ಹಾಸಿಗೆಯ ಮೇಲೆ ಕೂತಿದ್ದಳು. ಮಗಳನ್ನು ತಬ್ಬಿಕೊಂಡು ಅತ್ತಳು. ಮಗಳಿಗೆ ಅಳಲು ಪುರುಸೊತ್ತಿರಲಿಲ್ಲ. "ಪಾಪ ಎಲ್ಲಿ?" ಎಂದು ಕೈ ಚಾಚಿದಳು. ಅಕ್ಕ ಎಳೆಗೂಸನ್ನು ಮಡಿಲಲ್ಲಿ ಇಟ್ಟುಕೊಂಡು, ಅವಳ ಕೈಯನ್ನು ಅದರ ಪಾದದ ಮೇಲೆ ಇಟ್ಟಳು. ಆ ಬೆರಳು ನನಗೆ ಚೆನ್ನಾಗಿ ಗೊತ್ತು. ಹಿಮ್ಮಡಿಯ ತಿರುವಿನಿಂದ ಹೊರಟಿತು, ಮಂಡಿ, ಹೊಟ್ಟೆ, ಕತ್ತಿನ ಮಡಿಕೆ, ಕಿವಿಯ ಸುತ್ತ. ನೆತ್ತಿಯ ಮೇಲೆ ಬಂದು ಥಟ್ಟನೆ ನಿಂತಿತು.

"ಪಿನ್ನಿ!" ಅವಳ ದನಿಯಲ್ಲಿ ಗಾಬರಿ. "ಇಲ್ಲಿ ಹೊಲಿದೇ ಇಲ್ಲ!"

ಅಕ್ಕನಿಗೆ ಅರ್ಥವಾಗಲಿಲ್ಲ. "ಮೆತ್ತಗೆ ಕಣೇ, ನೆತ್ತಿ ಅದು, ಒತ್ಬ್ಯಾಡ," ಅಂದಳು. ನಾನು ಹತ್ತಿರ ಕೂತು ಹೇಳಿದೆ, "ಹುಟ್ಟಿದಾಗ ಎಲ್ರಿಗೂ ಅಂಗೇ ಇರುತ್ತೆ ಕಂದ. ಆಮೇಲೆ ಕೂಡ್ಕೊಳುತ್ತೆ."

"ಯಾರು ಹೊಲೀತಾರೆ?"

"ಯಾರೂ ಇಲ್ಲ. ನಿಧಾನಕ್ಕೆ ತಾನೇ ಆಗುತ್ತೆ."

ಅವಳು ನಂಬಿದಳೋ ಇಲ್ಲವೋ. ಬೆರಳು ತೆಗೆದು, ಅಂಗೈಯನ್ನು ಆ ಮೆತ್ತಗಿನ ಜಾಗದ ಮೇಲೆ ತಾಗಿಯೂ ತಾಗದ ಹಾಗೆ ಇಟ್ಟುಕೊಂಡಳು. "ಒಳಗೆ ಕುಣೀತೈತೆ," ಎಂದು ಪಿಸುಗುಟ್ಟಿದಳು. ನಾವು ಊಟ ಮಾಡಿ ಏಳುವವರೆಗೂ, ಯಜಮಾನರು ಆಟೋ ತಿರುಗಿಸಿ ನಿಲ್ಲಿಸುವವರೆಗೂ, ಅವಳ ಕೈ ಅಲ್ಲೇ ಇತ್ತು. ನಾನು ಹೊರಟೆ ಅಂದರೆ "ಹ್ಞೂಂ" ಅಂದಳು, ಅಷ್ಟೇ. ದಾರಿಯಲ್ಲಿ ನಾನು ಸ್ವಲ್ಪ ಅತ್ತೆ. ಯಜಮಾನರು ನೋಡಿಯೂ ನೋಡದ ಹಾಗೆ ಗಾಡಿ ಓಡಿಸಿದರು.

ಈಗ ಅವಳು ಕಣ್ಣು ಕಾಣದ ಮಕ್ಕಳ ಒಂದು ಶಾಲೆಯಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಾಳೆ. ಗೊಂಬೆಯ ವಯಸ್ಸು ದಾಟಿದೆ. ರಜೆಯಲ್ಲಿ ಬಂದರೆ ಪರದೆಯ ಮೇಲಿನದನ್ನೆಲ್ಲ ಓದಿ ಹೇಳುವ ಫೋನು ಹಿಡಿದು ಕೂರುತ್ತಾಳೆ, ನನ್ನ ಮಷಿನ್ನಿನ ಸದ್ದಿಗೆ ರೇಗುತ್ತಾಳೆ. ತಮ್ಮನಿಗೆ ಕಣ್ಣು ಚೆನ್ನಾಗಿದೆ. ಅವನು ಆನೆಗಳ ಕಿವಿ ಕಚ್ಚಿ ಹರಿದು, ಕರಡಿಯನ್ನು ಫಲಕಗಳ ನಡುವಿನ ಧೂಳಿನಲ್ಲಿ ಎಳೆದಾಡಿ ಮುಗಿಸಿದ. ಬೆಟ್ಟ ಅವರ ಮನೆಯಲ್ಲಿ ದಿಂಬಾಗಿದೆ ಎಂದು ಅಕ್ಕ ಹೇಳುತ್ತಾಳೆ.

ಕಳೆದ ತಿಂಗಳು ಹಾಸ್ಟೆಲಿನಿಂದ ಅವಳ ಫೋನು ಬಂತು. ಶಾಲೆಯವರು ಮಕ್ಕಳನ್ನೆಲ್ಲ ಸಮುದ್ರಕ್ಕೆ ಕರೆದುಕೊಂಡು ಹೋಗಿದ್ದರಂತೆ. ಏದುಸಿರು ಬಿಡುತ್ತ ಹೇಳಿದಳು.

"ಪಿನ್ನಿ, ತಮ್ಮ ನಂಬ್ತಾ ಇಲ್ಲ. ಅಷ್ಟೊಂದು ನೀರಾ ಅಂತಾನೆ. ನೀನು ಸಮುದ್ರ ಹೊಲಿದು ಕೊಡ್ತೀಯಾ?"

"ನಾನೇ ನೋಡಿಲ್ವಲ್ಲೇ," ಅಂದೆ.

"ನಾನು ಹೇಳ್ತೀನಿ, ನೀನು ಹೊಲಿ. ಕೇಳ್ಕೋ. ಮೊದ್ಲು ಕಾಲಿನ ಕೆಳಗಿಂದ ಮರಳು ಓಡಿಹೋಗುತ್ತೆ. ನಿಂತೇ ಇರ್ತೀಯ, ಆದ್ರೂ ಜಾರ್ತಾ ಇರ್ತೀಯ. ಆಮೇಲೆ ನೀರು ಮಂಡಿಗೆ ಬಂದು ಬೀಳುತ್ತೆ, ಒಂದೇ ಕಡೆಯಿಂದ ಅಲ್ಲ..."

ಅವಳು ಹೇಳುತ್ತಲೇ ಹೋದಳು. ಊಟದ ಗಂಟೆ ಬಾರಿಸಿದ ಮೇಲೇ ಫೋನು ಇಟ್ಟಳು. ಮಾರನೆಯ ದಿನ ನನ್ನ ಹಳೆಯ ಜಾರ್ಜೆಟ್ ಸೀರೆಯೊಂದನ್ನು ತೆಗೆದು ಮಡಿಲ ಮೇಲೆ ಹರಡಿಕೊಂಡೆ. ಕೈಯಲ್ಲಿ ನಿಲ್ಲದ ಬಟ್ಟೆ ಅದು, ಹಿಡಿದಲ್ಲಿಂದಲೇ ಜಾರುತ್ತದೆ. ಇದಕ್ಕೆ ತಿರುವು ಎಲ್ಲಿಂದ ಶುರುವಾಗಬೇಕು ಎಂಬುದು ಇನ್ನೂ ಹೊಳೆದಿಲ್ಲ. ಎರಡು ಸಲ ಹೊಲಿದು ಬಿಚ್ಚಿದ್ದೇನೆ. ಭಾನುವಾರ ಅವಳು ಫೋನು ಮಾಡಿದಾಗ ಇನ್ನೊಂದು ಸಲ ಕೇಳಬೇಕು, ನೀರು ವಾಪಸ್ಸು ಹೋಗುವಾಗ ಕಾಲಿಗೆ ಏನನ್ನಿಸುತ್ತದೆ ಅಂತ.